ಪಾಠಾಂತರ

ಬೆರಳಲ್ಲಿ ಇನ್ನೂ ಮಜ್ಜಿಗೆಹುಲ್ಲಿನ ಎಣ್ಣೆ, ದೀಪದ ಮಸಿ.
ಬೆಳಗ್ಗೆ ಓಲೆ ಒರೆಸಿದ್ದೆ.
ಹೊಟ್ಟೆಯ ಗಂಟಿಗೆ ಮದ್ದು: ಸೊಪ್ಪಿನ ಹೆಸರಿದೆ,
ಎಷ್ಟು ಎಂಬಲ್ಲಿ ಹುಳ ತಿಂದ ತೂತು.
ಮೂರು ಚುಕ್ಕಿ ಇಟ್ಟು
ಅತ್ತಾವರದ ಬಸ್ಸು ಹಿಡಿದೆ.

ಲ್ಯಾಬಿನಲ್ಲಿ ಡಾಕ್ಟರ್ ಪ್ರೆಸಿಲ್ಲಾ ಲೋಬೊ
ಅಕ್ಕನ ಸ್ಲೈಡು ತೋರಿಸಿದರು:
ನೇರಳೆ, ಗುಲಾಬಿ, ಒತ್ತೊತ್ತಾಗಿ,
ಪದ ಬಿಡಿಸದೆ ಕೊರೆದ ತುಳು ಲಿಪಿಯ ಹಾಗೆ.
"ಇಲ್ಲಿ ನೋಡಿ, ಈ ಅಂಚು... ಓದಲು ಬರುತ್ತಿಲ್ಲ.
ಇನ್ನೊಂದು ತುಣುಕು ಬೇಕು."

ಇನ್ನೊಂದು ಪ್ರತಿ ಬೇಕೆಂದು
ನಾನೂ ಎಷ್ಟು ಮನೆಗಳ ಅಟ್ಟ ಹತ್ತಿಲ್ಲ!
ಸಿಗದಾಗ ತೂತಿಗೆ ನನ್ನದೇ ಅಕ್ಷರ ತುಂಬಿ
ಶಭಾಸ್ ಅನ್ನಿಸಿಕೊಂಡದ್ದೂ ಉಂಟು.

ಹೊರಗೆ ಬೆಂಚಲ್ಲಿ ಅಕ್ಕ,
ಬಂಗುಡೆಗೆ ಇವತ್ತು ಭಾರೀ ರೇಟಂತೆ ಅನ್ನುತ್ತಾ,
ಏನು ಬರೆದಿದ್ದಾರೆ? ಅಂದಳು.

ಇನ್ನೂ ಚುಕ್ಕಿ ಮಾತ್ರ, ಅಂದೆ.