ಮೂರನೆಯ ಗುಂಡಿ

ನೋಡಿದೆ. ಪರವಾಗಿಲ್ಲ.
ಇಷ್ಟೇ ಅಂದರೆ ಯಾರಿಗೂ ಸಾಕಾಗುವುದಿಲ್ಲ.
ಗಾಂಧಿ ಬಜಾರಿನ ಈ ಒಂಬತ್ತಡಿ ಅಂಗಡಿಯಲ್ಲಿ
ಅಳತೆ ಕೊಡಲು ಕೈ ಎತ್ತಿ ನಿಂತವರು
ಬಾಯಿ ಸುಮ್ಮನಿರದೆ ಕೇಳುತ್ತಾರೆ:
ಹೋದ ವಾರದ್ದು ಹೆಂಗೈತೆ, ಪಾಂಡುರಂಗಣ್ಣ?

ಹೊಟ್ಟೆ ಮೂವತ್ತಾರು.
ಉಸಿರು ಬಿಡಿ ಸ್ವಾಮಿ. ಮೂವತ್ತೊಂಬತ್ತು.

ಹೇಗಿದೆ ಅಂದರೆ,
ಹೀರೋ ಜೋಗದ ನೆತ್ತಿಯಿಂದ ಧುಮುಕುತ್ತಾನೆ,
ಏಳುತ್ತಾನೆ, ಹನ್ನೊಂದು ಜನಕ್ಕೆ ಬಾರಿಸುತ್ತಾನೆ,
ತೋಳಿನ ಇಸ್ತ್ರಿ ಗೆರೆ ಮಾತ್ರ
ಆಗತಾನೆ ಮಡಿಕೆ ಬಿಚ್ಚಿದ ಹಾಗೇ ಇದೆ.
ನಾನು ಹೊಲಿದ ಅಂಗಿ ತೊಟ್ಟು
ಕಂಡಕ್ಟರ್ ಹಾಲೇಶಪ್ಪ
ಹೊಳೆಹೊನ್ನೂರಿಗೆ ಒಂದು ಟ್ರಿಪ್ ಹೋಗಿ ಬಂದರೆ
ಕಂಕುಳು ಬಿಟ್ಟಿರುತ್ತದೆ.
ನಂಬುವುದು ಹೇಗೆ?

ಅದರ ಹಿಂದಿನದು ದೆವ್ವದ್ದು.
ದೆವ್ವ ಚೆನ್ನಾಗಿತ್ತು, ಪಾಪದ್ದು.
ಸತ್ತು ನೂರು ವರ್ಷವಾಯಿತಂತೆ,
ರವಿಕೆಯ ಬೆನ್ನಿಗೆ ಜಿಪ್ಪು!
ಕತ್ತಲಲ್ಲಿ ಕಿಸಕ್ಕನೆ ನಕ್ಕೆ.
ಮುಂದಿನ ಸಾಲಿನ ಹುಡುಗಿ ಹಿಂತಿರುಗಿ
ಇಡೀ ಸಿನಿಮಾದಲ್ಲಿ ಮೊದಲ ಸಲ ಹೆದರಿದಳು,
ನನಗೆ.

"ಬಟ್ಟೆ ಬಿಟ್ರೆ ಮನುಷ್ಯರು ಕಾಣಲ್ವಾ ನಿಮಗೆ?"
ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾ ರುಕ್ಮಾಬಾಯಿ ಕೇಳಿದಳು.
ಕಾಣುತ್ತಾರೆ ಮಾರಾಯ್ತಿ. ಬಟ್ಟೆಯೊಳಗೆ.
ಅವಳ ಅಳತೆಪಟ್ಟಿಯೇ ಬೇರೆ:
ಅಳು ಬಂದರೆ ಒಳ್ಳೆ ಸಿನಿಮಾ,
ಬರದಿದ್ದರೆ ಥೇಟರಿನ ಫ್ಯಾನು ಸರಿಯಿಲ್ಲ.

ಕಾಜಾ ಹಾಕುವ ಹುಡುಗ ಇರ್ಷಾದ್ ನಮ್ಮ ಜೊತೆ ಬರುವುದಿಲ್ಲ.
ದಾರದ ಉಂಡೆಗೆ ಮೊಬೈಲು ಒರಗಿಸಿ
ಒಂದೂವರೆ ಸ್ಪೀಡಿನಲ್ಲಿ ನೋಡಿ ಮುಗಿಸುತ್ತಾನೆ
ಪ್ರೀತಿ, ಮದುವೆ, ಖೂನಿ, ಕೋರ್ಟು,
ಎಲ್ಲ ಮಧ್ಯಾಹ್ನದ ನಮಾಜಿಗೆ ಮುಂಚೆ.
"ಕಥೆ ಲೂಸು ಮಾಮಾ, ಡಬಲ್ ಹೊಲಿಗೆ ಬೇಕಿತ್ತು."
ತೀರ್ಪು ಸರಿಯಾಗಿಯೇ ಇತ್ತು.
ಅವತ್ತು ಹಾಕಿದ ಕಾಜಾಗಳನ್ನು ಮಾತ್ರ
ಎಲ್ಲ ಬಿಚ್ಚಿಸಿದೆ.

ಇನ್ನೊಂದು, ಆಗುಂಬೆ ಅಂತ ತೋರಿಸಿದ್ದು.
ಹುಡುಗಿಯ ತಲೆ ಮೇಲೆ ಸುರಿಮಳೆ,
ಹಿಂದಿನ ಗುಡ್ಡದಲ್ಲಿ ರಣ ಬಿಸಿಲು,
ಒಂದು ಎಮ್ಮೆ ನೆರಳು ಹುಡುಕಿಕೊಂಡು ಹೋಗುತ್ತಿದೆ.
ತೀರ್ಥಹಳ್ಳಿ ಕಡೆಯ ಪರಮೇಶಿ ಎದ್ದು ನಿಂತು
"ಪೈಪು ಆ ಕಡೆಗೂ ಸ್ವಲ್ಪ ಹಿಡೀರಾ" ಎಂದು ಕೂಗಿದ.
ಕೊಟ್ಟ ದುಡ್ಡು ಆ ಮಾತಿಗೆ ವಸೂಲಾಯಿತು.

ಆಮೇಲೆ ಒಂದು ಇತ್ತು.
ಹೆಸರು ಮರೆತಿದ್ದೇನೆ, ಉದ್ದ ಹೆಸರು.
ಮಂಗಳವಾರ, ಅಂಗಡಿಗೆ ರಜೆ,
ಒಳಗೆ ಹದಿನಾಲ್ಕು ಜನ, ಅದರಲ್ಲಿ ಇಬ್ಬರು ನಿದ್ದೆ.
ಶುಕ್ರವಾರಕ್ಕೆ ಪೋಸ್ಟರು ಹರಿದು ಬೇರೆ ಅಂಟಿಸಿದರು.
ಕಥೆ ಕೇಳಬೇಡಿ, ನನಗೂ ಪೂರ್ತಿ ಹತ್ತಲಿಲ್ಲ.
ಒಬ್ಬ ವಯಸ್ಸಾದವನು ಸಾಕ್ಷಿ ಹೇಳಲು ಬರುತ್ತಾನೆ,
ಎರಡು ನಿಮಿಷದ ಪಾತ್ರ.
ಅರ್ಧ ತೋಳಿನ ಅಂಗಿ, ಒಗೆದು ಒಗೆದು ತೆಳುವಾದದ್ದು.
ಮೂರನೆಯ ಗುಂಡಿ
ನೀಲಿ ದಾರದಲ್ಲಿತ್ತು.

ಉಳಿದವಕ್ಕೆಲ್ಲ ಬಿಳಿ ದಾರ.
ಇದಕ್ಕೆ ನೀಲಿ, ಅದೂ ಅಡ್ಡಾದಿಡ್ಡಿ,
ಹತ್ತು ಸುತ್ತು ಸುತ್ತಿ ಗಂಟಿನ ಮೇಲೆ ಗಂಟು.
ಹೊಲಿಗೆ ಬರದವನ ಕೈ ಅದು,
ಇನ್ನೊಮ್ಮೆ ಕಿತ್ತರೆ ಗತಿಯಿಲ್ಲ ಎಂದುಕೊಂಡವನದು.
ಹೆಂಡತಿ ಹೋದ ಮಾತು
ಸಿನಿಮಾದಲ್ಲಿ ಯಾರೂ ಎತ್ತಲಿಲ್ಲ.
ಅವನು ಪ್ರಮಾಣ ಮಾಡಿದ,
ಕಂಡದ್ದನ್ನು ಹೇಳಿದ,
ಕೊಡೆ ಮರೆತು ಹೊರಗೆ ಹೋದ.

ಯಾರು ಹಾಕಿದರು ಆ ಗುಂಡಿ?
ಬಟ್ಟೆ ವಿಭಾಗದವರು ಬೇಕೆಂದೇ ಹಾಕಿದರೋ,
ಹಾಗಿದ್ದರೆ ಆ ಪುಣ್ಯಾತ್ಮನ ಕೈ ಹಿಡಿದು ನೋಡಬೇಕು.
ಇಲ್ಲ, ಬಟ್ಟೆಗೆ ದುಡ್ಡಿಲ್ಲದ ಕಂಪನಿ,
ನಟ ಮನೆಯಿಂದಲೇ
ತನ್ನದೇ ಅಂಗಿ ತೊಟ್ಟು ಬಂದನೋ.
ದುರ್ಗಿಗುಡಿ ದಾಟಿ ನಡೆಯುವಷ್ಟು ಹೊತ್ತೂ
ಇದೇ ಲೆಕ್ಕ ಹಾಕಿದೆ, ಬಗೆಹರಿಯಲಿಲ್ಲ.

ರುಕ್ಮಾಬಾಯಿ ಅಂದಳು, "ಸ್ಲೋ."
ಆಮೇಲೆ ನನ್ನ ಮುಖ ನೋಡಿ,
"ಇದೇನ್ರೀ ಕಣ್ಣು?"
ಫ್ಯಾನು ಸರಿಯಿರಲಿಲ್ಲ ಅಂದೆ.

"ಹಂಗಾರೆ ನೋಡ್‌ಬೋದಾ, ಅಣ್ಣಾ?"
ಹೊರಟುಹೋಯಿತಲ್ಲ ಅದು.
ಕೈ ಇಳಿಸಿ ನೀವು, ಎಷ್ಟು ಹೊತ್ತು ಎತ್ತಿಕೊಂಡೇ ನಿಂತಿರಿ.
ಗುರುವಾರ ಬನ್ನಿ.
ಗುಂಡಿ ಯಾವ ಬಣ್ಣದ್ದು ಹಾಕಲಿ?