ಒಳಗೆ ಯಾರು?

ಪುತ್ತರಿ ಕಳೆದ ಐದನೇ ವಾರ
ಮನೆ ಮಾಲೀಕ ಚೆಂಗಪ್ಪ ಮೆಟ್ಟಿಲು ಹತ್ತಿ ಬಂದ,
ಅಂಗೈಯಲ್ಲಿ ಒಂದು ಹಿಡಿ ಕಾಫಿ ಹಣ್ಣು.
"ಮೂಸಿ ನೋಡಿ ಸಿಸ್ಟರ್" ಎಂದ.
ನಾನು ಮೂಸಲಿಲ್ಲ. ಬೇಕಾಗಿರಲಿಲ್ಲ.

ಕಣದ ತುಂಬ ಹರಡಿದ ರೋಬಸ್ಟ,
ಬಿಸಿಲಿಗೆ ಬೆಚ್ಚಗೆ, ಕೆರೆದರೆ ಸರಿಯುವಂಥದು.
ಗೋಣಿಕೊಪ್ಪದ ಬೆಕ್ಕುಗಳಿಗೆಲ್ಲ ಗೊತ್ತಿದ್ದ ಗುಟ್ಟು
ನಮ್ಮ ಕಿತ್ತಳೆಗೂ ಗೊತ್ತಾಗಿತ್ತು.
"ಒಂದು ತಿಂಗಳು ಟೈಮು" ಎಂದ ಚೆಂಗಪ್ಪ.
"ಬೆಕ್ಕು ಬೇಕೋ, ಮನೆ ಬೇಕೋ ನೋಡಿ."

ಕಮೋಡು ಇತ್ತು ನಮ್ಮಲ್ಲಿ.
ಹೊಸದು, ಹಾಲು ಬಿಳಿ,
ಮುಚ್ಚಳದ ಸ್ಟಿಕರ್ ಕೂಡ ಕಿತ್ತಿರಲಿಲ್ಲ.
ಅತ್ತೆ ಚೋಂದಮ್ಮನ ಮಂಡಿ ಆಪರೇಶನ್ ಆದಾಗ
ಗಂಡ ಸಾಲ ಮಾಡಿ ಹಾಕಿಸಿದ್ದು.
ಅವಳು ಅದರ ಮೇಲೆ ಕೂರಲೊಲ್ಲಳು.
"ಎಸ್ಟೇಟ್ ಬಂಗಲೆಯಲ್ಲಿ ಇಂಥದನ್ನು
ಇಪ್ಪತ್ತು ವರ್ಷ ಉಜ್ಜಿದ್ದೇನೆ.
ಕೂರುವುದು ಬೇರೆಯವರು."
ಕೋಲು ಊರಿ, ಹಲ್ಲು ಕಚ್ಚಿ,
ಹದಿನಾಲ್ಕು ಮೆಟ್ಟಿಲಿಳಿದು
ಅಂಗಳದಾಚೆಯ ಹಳೆ ಕಕ್ಕಸಿಗೇ ಹೋಗುತ್ತಿದ್ದಳು.

ಸಾಮಿಲ್ಲಿನಿಂದ ಒಂದು ಚೀಲ ಮರದ ಪುಡಿ ತಂದೆ,
ಸಿಲ್ವರ್ ಓಕಿನದು, ಮೆತ್ತಗಿನದು.
ಒಂದು ಹಳೆ ಪ್ಲಾಸ್ಟಿಕ್ ಬೇಸಿನ್ನು.
ಮೊದಲು ಕಮೋಡಿನ ಪಕ್ಕ, ನೆಲದ ಮೇಲೆ.
ಎರಡು ದಿನಕ್ಕೊಂದು ಇಟ್ಟಿಗೆ.
ಇಟ್ಟಿಗೆ ಮುಗಿದ ಮೇಲೆ ನನ್ನ ನರ್ಸಿಂಗ್ ಪುಸ್ತಕ:
ಅಂಗರಚನೆ, ಅದರ ಮೇಲೆ ಬಾಣಂತಿ ಆರೈಕೆ,
ಅದರ ಮೇಲೆ ಬೇಸಿನ್ನು, ಬೇಸಿನ್ನಿನಲ್ಲಿ ಕಿತ್ತಳೆ,
ತೀರ್ಪು ಓದುವವರ ಮುಖ ಹೊತ್ತು.

ಎತ್ತರ ಸಮವಾದ ದಿನ
ಬೇಸಿನ್ನನ್ನು ಮೆಲ್ಲಗೆ ಸೀಟಿನ ಮೇಲಕ್ಕೆ ಜರುಗಿಸಿದೆ.
ಆಮೇಲೆ ತಳದಲ್ಲೊಂದು ತೂತು, ಎಂಟಾಣೆಯಷ್ಟು.
ಆಮೇಲೆ ಅಕ್ಕಿ ಒಟ್ಟಿಯಷ್ಟು.
ಪ್ರತಿ ಸಲಕ್ಕೂ ಒಂದೊಂದು ಒಣಮೀನು ಲಂಚ.
ಕುಡಿದು ಬಿದ್ದವರ ಹಣೆಗೆ ಹೊಲಿಗೆ ಹಾಕಿದ್ದೇನೆ,
ಕಚ್ಚುವ ಮಕ್ಕಳಿಗೆ ಮಾತ್ರೆ ನುಂಗಿಸಿದ್ದೇನೆ,
ಇಷ್ಟೊಂದು ಹೊತ್ತು ಉಸಿರು ಹಿಡಿದು
ಯಾರ ಬೆನ್ನನ್ನೂ ನೋಡುತ್ತ ಕೂತಿರಲಿಲ್ಲ.

ಒಮ್ಮೆ ಜಾರಿ ಬಿತ್ತು.
ನೆನೆದ ಬೆಂಕಿಯ ಹಾಗೆ ಮನೆಯೆಲ್ಲ ಓಡಿ,
ಕಡಂಬುಟ್ಟಿಗೆಂದು ಹರವಿದ ಅಕ್ಕಿ ತರಿಯ ಮೇಲೆ ಹೊರಳಿ,
ಮೂರು ದಿನ ಆ ಕೋಣೆಯತ್ತ ಸುಳಿಯಲಿಲ್ಲ.
ಮೂರೂ ಬೆಳಗ್ಗೆ, ಚೆಂಗಪ್ಪ ಏಳುವ ಮೊದಲು,
ಟಾರ್ಚು ಹಿಡಿದು ಕಣಕ್ಕಿಳಿದು
ನಾನೇ ಹೆಕ್ಕಿದೆ.
"ಇಂಥ ಕೆಲಸಕ್ಕಾ ನೀನು ಓದಿದ್ದು?"
ಮಂಚದಿಂದಲೇ ಕೇಳಿದಳು ಅತ್ತೆ.

ಇಪ್ಪತ್ತಾರನೇ ರಾತ್ರಿ, ಬೇಸಿನ್ನು ತೆಗೆದಿಟ್ಟು ಮಲಗಿದ್ದೆ.
ಎರಡೋ ಮೂರೋ ಗಂಟೆ.
ನೀರಿಗೆ ನೀರು ಬೀಳುವ ಸಣ್ಣ ದಾರದಂಥ ಸದ್ದು.
ಮೊಣಕೈಯಿಂದ ಗಂಡನನ್ನು ತಿವಿದೆ; ಅವನು ಏಳಲಿಲ್ಲ.
ಆಮೇಲೆ ಬೇರೆಯದೇ ಸದ್ದು.
ಸರ್, ಸರ್.
ಟೈಲ್ಸಿನ ಮೇಲೆ, ತೊಟ್ಟಿಯ ಮೇಲೆ, ಸೀಟಿನ ಅಂಚಿಗೆ,
ನಿಲ್ಲದೆ, ಎಷ್ಟೋ ಹೊತ್ತು.

ಕತ್ತಲಿನಿಂದ ಅತ್ತೆಯ ದನಿ:
"ಮಣ್ಣು ಹುಡುಕ್ತಾ ಉಂಟು."
ನಾನು ಮಾತಾಡಲಿಲ್ಲ.
"ಮುಚ್ಚದೆ ಬರಲಿಕ್ಕೆ ಮನಸ್ಸಿಲ್ಲ ಅದಕ್ಕೆ."

ಎದ್ದು ಹೋಗಿ ಫ್ಲಶ್ ಒತ್ತಿದೆ.
ಸುಳಿ ಸುತ್ತಿ ಇಳಿಯುವುದನ್ನು ಕಿತ್ತಳೆ
ಕತ್ತು ಚಾಚಿ ಕೊನೆಯ ತನಕ ನೋಡಿತು,
ಆಮೇಲೆ ನನ್ನನ್ನು.
ಒಣಮೀನು ಕೊಟ್ಟೆ. ಮೂಸಿತು, ತಿನ್ನಲಿಲ್ಲ.

ಹೂಮಳೆ ಬಿದ್ದ ವಾರ.
ಊರಿಗೆ ಊರೇ ಕಾಫಿ ಹೂವಿನ ಘಮ,
ನಮ್ಮ ಮನೆಯೊಳಗೆ ಫಿನಾಯಿಲಿನದು.
ಯೂನಿಫಾರಂ ಹಾಕಿ, ಜಡೆ ಕಟ್ಟಿ ಬಂದರೆ
ಬಾಗಿಲು ಒಳಗಿನಿಂದ ಚಿಲಕ ಹಾಕಿದೆ.
ಗೋಡೆಗೊರಗಿ ನಿಂತಿದೆ ಕೋಲು.
ಅದರ ಹಿಡಿಗೆ ಅಂಟಿಸಿದ್ದಾರೆ
ಮುಚ್ಚಳದ ಸ್ಟಿಕರ್.

"ಒಳಗೆ ಯಾರು?" ಎಂದೆ, ಗೊತ್ತಿದ್ದೂ.
ಉತ್ತರವಿಲ್ಲ. ಒಂದು ಸಣ್ಣ ಕೆಮ್ಮು.
ಕಿತ್ತಳೆ ಹೊಸ್ತಿಲ ಬಳಿ ಬಾಲ ಸುತ್ತಿಕೊಂಡು
ಸಾಲಿನಲ್ಲಿ ನನಗಿಂತ ಮುಂದೆ ಕೂತಿತ್ತು.
ಕೆಳಗೆ ರಸ್ತೆಯಲ್ಲಿ
ಎಂಟೂ ಇಪ್ಪತ್ತರ ಬಸ್ಸು ಹಾರ್ನ್ ಹಾಕಿತು,
ಇನ್ನೊಮ್ಮೆ ಹಾಕಿತು,
ಹೋಯಿತು.