ಎರಡು ಮನೆಗಳ ನಡುವಿನ ಓಣಿ

ಹಾಸನ. ಡಯಟ್ಟಿನ ಮಹಡಿ ಕೋಣೆ. ಸಂಗೀತ ತರಬೇತಿ, ದಿನ ಎರಡು.
ಗೋಡೆಯಾಚೆ ಲಾರಿಯಿಂದ ಆಲೂಗಡ್ಡೆ ಮೂಟೆ ಇಳಿಸುವ ಸದ್ದು,
ಧಪ್ ಎಂದರೆ ಒಂದು, ಧಪ್ ಎಂದರೆ ಎರಡು;
ತಾಳಕ್ಕೆ ಬೇರೆ ಉದಾಹರಣೆ ಹುಡುಕಲಿಲ್ಲ ನಾನು.

ಮೂವತ್ತೆಂಟು ಮೇಷ್ಟ್ರು, ಮೇಡಮ್ಮುಗಳು,
ಆಲೂರು, ದುದ್ದ, ಅರಕಲಗೂಡು, ಶಾಂತಿಗ್ರಾಮ.
ಭತ್ಯೆಯ ಫಾರಂ ತುಂಬುವಾಗ ಇದ್ದ ದನಿ
'ಸ' ಅನ್ನಿ ಎಂದೊಡನೆ ಎಲ್ಲಿ ಹೋಯಿತೋ.
ಒಬ್ಬರಿಗೆ ಶೀತ. ಒಬ್ಬರಿಗೆ ಥೈರಾಯ್ಡು.
ಒಬ್ಬರು ಕೈ ಮುಗಿದು, "ನಮ್ದೇನಿದ್ರೂ ಕೇಳೋ ಕಿವಿ, ಮೇಡಂ."

ಇಪ್ಪತ್ತೇಳು ವರ್ಷ ಇದೇ ನನ್ನ ನೌಕರಿ:
ಹಾಡಲಾರೆ ಅನ್ನುವವರಿಗೆ
ಮಕ್ಕಳನ್ನು ಹಾಡಿಸಲು ಕಲಿಸುವುದು.
ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಏರಿಸದೆ
ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು,
ಅದಕ್ಕೂ ಅರ್ಧ ಟಿಕೆಟ್ಟು ಹರಿದ ಕಂಡಕ್ಟರ್ ಜೊತೆ ಜಗಳವಾಡಿ,
ಕೂಗದ ರಿಷಭಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ.

ಕೊನೇ ಬೆಂಚಿನ ಮೊಗಣ್ಣಗೌಡರು, ಗಣಿತ, ಐವತ್ತರ ಮೇಲೆ.
ಎದ್ದು ನಿಂತರು, ಶಿಕ್ಷೆಗೆ ನಿಂತ ಹುಡುಗನ ಹಾಗೆ.
"ಮೂರನೇ ಕ್ಲಾಸಲ್ಲಿ, ಆಗಸ್ಟ್ ಹದಿನೈದಕ್ಕೆ,
ಮೇಷ್ಟ್ರು ಅಂದ್ರು: ನೀನು ಬಾಯಿ ಮಾತ್ರ ಆಡ್ಸು, ದನಿ ಬೇಡ.
ಅವತ್ತಿಂದ ಆಡಿಸ್ತಾನೇ ಇದೀನಿ."

ಎಲ್ಲರೂ ನಕ್ಕರು. ಅವರೂ ನಕ್ಕರು.
ನನ್ನ ಬೆರಳು ಮಾತ್ರ ಪಂಚಮದ ಮೇಲೆ ಕೂತದ್ದು ಏಳಲಿಲ್ಲ.

ಯಾಕೆಂದರೆ ಆ ವಾಕ್ಯ ನನ್ನದೂ ಹೌದು.
ನೌಕರಿಯ ಮೊದಲ ವರ್ಷ, ಕಟ್ಟಾಯದ ಶಾಲೆ,
ತಾಲ್ಲೂಕು ಸ್ಪರ್ಧೆಗೆ ಹದಿನಾರು ಮಕ್ಕಳು,
ಎರಡನೇ ಸಾಲಲ್ಲಿ ದೇವೀರಿ, ಎಣ್ಣೆ ಹಚ್ಚಿದ ಎರಡು ಜಡೆ,
ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಖುಷಿ,
ಎಲ್ಲರಿಗಿಂತ ಒಂದು ಕೂದಲು ಕೆಳಗೆ.
ಕರೆದು, ಗಲ್ಲ ಹಿಡಿದು, ಪ್ರೀತಿಯಿಂದಲೇ ಹೇಳಿದ್ದೆ.
ಅವಳೂ ಪ್ರೀತಿಯಿಂದಲೇ ತಲೆಯಾಡಿಸಿದಳು.
ಮೊದಲ ಬಹುಮಾನ ಬಂತು. ಸ್ಟೀಲಿನ ಬಿಂದಿಗೆ.
ಬಸ್ ಸ್ಟಾಪಿನಿಂದ ಶಾಲೆಯ ತನಕ
ಬಿಂದಿಗೆ ಹೊತ್ತು ನಡೆದವಳು ಅವಳೇ.

"ಗೌಡ್ರೇ, ಏಳರ ಮಗ್ಗಿ ಹೇಳಿ," ಎಂದೆ. "ಹಾಡೋದು ಬೇಡ.
ನಿಮ್ಮ ಕ್ಲಾಸಲ್ಲಿ ಹೇಳಿಸೋ ಹಾಗೆ."
ಅದಕ್ಕೇನಂತೆ ಎಂದು ಕಣ್ಣು ಮುಚ್ಚಿ ಶುರು ಮಾಡಿದರು:
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು.
ಏರಿ, ನಿಂತು, ಇಳಿದು; ಏರಿ, ನಿಂತು, ಇಳಿದು.
ಮೂರೇ ಸ್ವರ. ಮೂವತ್ತು ವರ್ಷದಿಂದ ದಿನಾ ಹಾಡಿದ್ದಾರೆ ಪುಣ್ಯಾತ್ಮ,
ಯಾರೂ ಅದನ್ನು ಹಾಡು ಎಂದಿಲ್ಲ, ಅದಕ್ಕೇ ಉಳಿದಿದೆ.

ಅವರ ಷಡ್ಜ ಹುಡುಕಿ ಹೊರಟೆ.
ಒಂದನೇ ಮನೆ? ಇಲ್ಲ, ಮೇಲಾಯಿತು.
ಪಕ್ಕದ ಮನೆ? ಕೆಳಗಾಯಿತು.
ಎರಡು ಮನೆಗಳ ನಡುವಿನ ಓಣಿಯಲ್ಲಿ
ಲುಂಗಿ ಎತ್ತಿಕಟ್ಟಿ ಆರಾಮಾಗಿ ನಿಂತಿತ್ತು ಅದು.
ಪೆಟ್ಟಿಗೆಯಲ್ಲಿ ಓಣಿಗಳಿಲ್ಲ. ತಿದಿ ಮುಚ್ಚಿದೆ.
ಬಾಯಿ ತೆರೆದು ನಾನೇ ಹೋದೆ ಅಲ್ಲಿಗೆ.
ಐದೂವರೆ ಮನೆ ಬಿಟ್ಟು ಇಳಿದವಳಿಗೆ ಮೊದಲು ಕತ್ತಲು,
ಆಮೇಲೆ ಅವರ ದನಿ, ಆಮೇಲೆ ಜಾಗ.
ಏಳೇಳ್ಲ ನಲವತ್ತೊಂಬತ್ತಕ್ಕೆ ಶೀತದವರು ಬಂದರು,
ಏಳೆಂಟ್ಲ ಐವತ್ತಾರಕ್ಕೆ ಥೈರಾಯ್ಡು,
ಏಳತ್ಲ ಎಪ್ಪತ್ತಕ್ಕೆ ಇಡೀ ಕೋಣೆ.
ಆಚೆ ಮೂಟೆ ಇಳಿಸುವುದು ಯಾವಾಗ ನಿಂತಿತೋ.

ಸಂಜೆ ವರದಿ. ಕಲಿಕಾ ಫಲದ ಕಾಲಂ ಎಂದಿನಂತೆ ಕಿರಿದು.
ಹಾಜರು ಮೂವತ್ತೆಂಟು ಎಂದು ಬರೆದೆ.
ಗೈರುಹಾಜರು ಎಂಬಲ್ಲಿ
ಪ್ರತಿ ಸಲ ಪೆನ್ಸಿಲ್ಲಲ್ಲಿ ಬರೆದು ಅಳಿಸುವ ಹೆಸರನ್ನು
ಇವತ್ತು ಅಳಿಸಲು ಮರೆತೆ.

"ಯಾರಿದು ದೇವೀರಿ? ಯಾವ ಶಾಲೆ?"
ಸೂಪರಿಂಟೆಂಡೆಂಟ್ ಕನ್ನಡಕ ಏರಿಸಿದರು.
"ಕಟ್ಟಾಯ, ಸರ್."
"ನಾಳೆಯಾದ್ರೂ ಕರ್ಸಿ ಸಹಿ ಹಾಕಿಸ್ಬಿಡಿ," ಎಂದರು
ಮೊಹರು ಒತ್ತುತ್ತ. "ಆಡಿಟ್ ಇದೆ."